ಎಲೆ ಹಚ್ಚಗಿದೆ, ಆರ್ಕಿಡ್ ಹೂ ಬಿಡುತ್ತಿಲ್ಲ ಏಕೆ?

ಪ್ರಶ್ನೆ: ಎರಡು ವರ್ಷದ ಹಿಂದೆ ಹೂವಿದ್ದ ಫೆಲನಾಪ್ಸಿಸ್ ಆರ್ಕಿಡ್ ತಂದೆ. ಆ ಹೂ ಉದುರಿದ ಮೇಲೆ ಮತ್ತೆ ಹೂದಂಡು ಬಂದೇ ಇಲ್ಲ. ಎಲೆಗಳು ಮಾತ್ರ ಕಡುಹಸಿರಾಗಿ ಚೆನ್ನಾಗಿವೆ. ಯಾವ ಗೊಬ್ಬರ ಹಾಕಲಿ?

ಉತ್ತರ: ಗೊಬ್ಬರದ ಮಾತು ಆಮೇಲೆ. ನಿಮ್ಮ ಗಿಡಕ್ಕೆ ಬೆಳಕು ಸಾಲುತ್ತಿಲ್ಲ, ಎಲೆಯ ಕಡುಹಸಿರೇ ಅದನ್ನು ಹೇಳುತ್ತಿದೆ. ಬೇಕಾದಷ್ಟು ಬೆಳಕು ಸಿಕ್ಕರೆ ಎಲೆ ತುಸು ತಿಳಿಹಸಿರಾಗಿರುತ್ತದೆ. ಎಳೆಬಿಸಿಲು ಬೀಳುವ ಕಿಟಕಿಯ ಬಳಿಗೆ ಕುಂಡವನ್ನು ಸರಿಸಿ. ಎಲೆಯಿಂದ ಒಂದಡಿ ಮೇಲೆ ಕೈ ಹಿಡಿದು ನೋಡಿ: ಅಂಚು ಮಸುಕಾದ ನೆರಳು ಬಿದ್ದರೆ ಬೆಳಕು ಸರಿಯಾಗಿದೆ, ನೆರಳೇ ಕಾಣದಿದ್ದರೆ ಸಾಲದು. ನಡುಮಧ್ಯಾಹ್ನದ ನೇರ ಬಿಸಿಲು ಬೇಡ. ಎಲೆ ಬೆಂದು ಬಿಳಿಚಿಕೊಳ್ಳುತ್ತದೆ, ಆ ಕಲೆ ಮತ್ತೆ ಹೋಗುವುದಿಲ್ಲ.

ಬೆಳಕಿನಷ್ಟೇ ಮುಖ್ಯವಾದದ್ದು ತಂಪು. ಹಗಲಿನ ಉಷ್ಣತೆ ಸದಾ 28 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದರೆ ಈ ಗಿಡ ಎಲೆ ಬಿಡುತ್ತಾ ಹೋಗುತ್ತದೆಯೇ ಹೊರತು ಹೂದಂಡು ಹೊರಡಿಸುವುದಿಲ್ಲ. ರಾತ್ರಿ 16ರಿಂದ 20 ಡಿಗ್ರಿಯ ತಂಪು ನಾಲ್ಕೈದು ವಾರ ಸಿಗುವಂಥ ಜಾಗ ಹುಡುಕಿ. ಆಮೇಲೆ ಎಲೆಗಳ ಬುಡವನ್ನು ಗಮನಿಸುತ್ತಿರಿ. ಹೊಸದಾಗಿ ಇಣುಕಿದ್ದರ ತುದಿ ಗುಂಡಗೆ, ನುಣುಪಾಗಿದ್ದರೆ ಅದು ಬೇರು. ತುಸು ಚಪ್ಪಟೆಯಾಗಿ, ಪೊರೆ ಹೊದ್ದುಕೊಂಡು ಮೇಲಕ್ಕೆ ಬಾಗಿದ್ದರೆ ಹೂದಂಡು.

ಇನ್ನು ಗೊಬ್ಬರ. ನೀರಿನಲ್ಲಿ ಕರಗುವ 20-20-20 (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವ ಗೊಬ್ಬರ) ಸಾಕು. ಲೀಟರಿಗೆ ಅರ್ಧ ಗ್ರಾಂ, ವಾರಕ್ಕೊಮ್ಮೆ, ಬೇರು ಒದ್ದೆಯಾದ ಮೇಲೆ ಹಾಕಿ. ತಿಂಗಳಿಗೊಮ್ಮೆ ಬರಿಯ ನೀರನ್ನು ಧಾರಾಳವಾಗಿ ಹರಿಸಿ ಗೊಬ್ಬರದಿಂದ ಉಳಿದ ಉಪ್ಪು ತೊಳೆಯಿರಿ, ಇಲ್ಲವಾದರೆ ಬೇರಿನ ತುದಿ ಕಪ್ಪಾಗಿ ಸಾಯುತ್ತದೆ. ಸುಳಿಯಲ್ಲಿ ರಾತ್ರಿಯೆಲ್ಲ ನೀರು ನಿಂತರೆ ಗಿಡವೇ ಕೊಳೆಯಬಹುದು. ಹಾಗಾಗಿ ಬೆಳಿಗ್ಗೆಯೇ ನೀರು ಹಾಕಿ.

ಪ್ರಶ್ನೆ: ಡೆಂಡ್ರೋಬಿಯಂ ಆರ್ಕಿಡ್‌ನ ಹಳೆಯ ಕಾಂಡಗಳ ಎಲೆ ಉದುರಿದೆ. ಕತ್ತರಿಸಲೇ? ಹೂ ಬರಬೇಕಾದಲ್ಲಿ ಮರಿಗಿಡಗಳು ಬರುತ್ತಿವೆ.

ಉತ್ತರ: ದಯವಿಟ್ಟು ಕತ್ತರಿಸಬೇಡಿ. ಎಲೆಯಿಲ್ಲದಿದ್ದರೂ ಆ ಕಾಂಡದಲ್ಲಿ ನೀರು, ಆಹಾರ ಕೂಡಿಟ್ಟಿರುತ್ತದೆ. ಹೊಸ ಚಿಗುರು ಬೆಳೆಯುವುದು ಅದರ ಬಲದಿಂದ, ಎಷ್ಟೋ ಸಲ ಹಳೆಯ ಕಾಂಡದಲ್ಲೇ ಮತ್ತೆ ಹೂವೂ ಬರುತ್ತದೆ. ಪೂರ್ತಿ ಒಣಗಿ ಕಂದಾಗಿದ್ದನ್ನು ಮಾತ್ರ ತೆಗೆಯಿರಿ.

ಮರಿಗಳು ಬರುವುದಕ್ಕೆ ಸಾಮಾನ್ಯ ಕಾರಣ ಗೊಬ್ಬರದಲ್ಲಿ ಸಾರಜನಕ ಹೆಚ್ಚಾಗಿರುವುದು ಅಥವಾ ಬೇರು ಕೊಳೆತಿರುವುದು. ಕುಂಡದಿಂದ ಗಿಡ ಬಿಡಿಸಿ ಬೇರನ್ನು ಮೆಲ್ಲಗೆ ಹಿಸುಕಿ. ಒಳ್ಳೆಯ ಬೇರು ಗಟ್ಟಿಯಾಗಿರುತ್ತದೆ. ಕೊಳೆತದ್ದರ ಸಿಪ್ಪೆ ಕೈಗೆ ಜಾರಿ ಬಂದು ಒಳಗಿನ ದಾರದಂಥ ಎಳೆ ಮಾತ್ರ ಉಳಿಯುತ್ತದೆ. ಬೆಂಕಿಯಲ್ಲಿ ಕಾಯಿಸಿದ ಕತ್ತರಿಯಿಂದ ಅವನ್ನು ಕತ್ತರಿಸಿ, ಹೆಬ್ಬೆರಳ ತುದಿಯಷ್ಟಿರುವ ಇದ್ದಿಲು ಮತ್ತು ಇಟ್ಟಿಗೆ ಚೂರುಗಳಲ್ಲಿ ನೆಡಿ. ಮಣ್ಣು ಹಿಡಿಯಷ್ಟೂ ಬೇಡ, ಗಾಳಿಯಾಡದೆ ಬೇರು ಮತ್ತೆ ಕೊಳೆಯುತ್ತದೆ. ದೊಡ್ಡ ಕುಂಡವೂ ಬೇಡ, ಬೇರಿನ ಸುತ್ತ ಒಂದೆರಡು ಬೆರಳಷ್ಟು ಜಾಗವಿದ್ದರೆ ಸಾಕು. ಮರಿಗಳಿಗೆ ಎರಡು ಅಂಗುಲದ ಬೇರು ಮೂರ್ನಾಲ್ಕು ಬಂದ ಮೇಲೆ ಬಿಡಿಸಿ ಬೇರೆ ಕುಂಡದಲ್ಲಿ ನೆಡಬಹುದು.

ಪ್ರಶ್ನೆ: ಮೊಗ್ಗುಗಳು ಅರಳುವ ಮುಂಚೆಯೇ ಹಳದಿಯಾಗಿ ಉದುರುತ್ತವೆ.

ಉತ್ತರ: ಮೊಗ್ಗು ಬಂದ ಮೇಲೆ ಜಾಗ ಬದಲಿಸಿದ್ದೀರಾ? ಫ್ಯಾನ್ ಅಥವಾ ಎಸಿಯ ಒಣಗಾಳಿ ನೇರವಾಗಿ ತಾಗುತ್ತಿದೆಯೇ? ಎರಡೂ ಅಲ್ಲವೆಂದಾದರೆ ಹತ್ತಿರದಲ್ಲಿ ಬಾಳೆಹಣ್ಣೋ ಸೇಬೋ ಇದೆಯೇ ನೋಡಿ. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೂ ಮೊಗ್ಗು ಉದುರುತ್ತದೆ.