ರಂಗದ ಮಾತು: ನಮ್ಮೂರಿನದೇ ನಾಟಕ, ನಮ್ಮೂರಿನದೇ ಹಾಡು

ಈ ತಿಂಗಳ ಪತ್ರಗಳಲ್ಲಿ ಜಾಸ್ತಿ ಬಂದಿರುವುದು ಊರಿನ ನಾಟಕದ ಬಗ್ಗೆಯೇ. ಬೆಂಗಳೂರಿನಲ್ಲಿ ಕೆಲಸ, ಮನಸ್ಸು ಊರಿನ ರಂಗದ ಮೇಲೆ, ಅಂಥವರು ಬರೆದಿದ್ದಾರೆ. ಹನುಮಂತನಗರದ ನನ್ನ ಮನೆಯಿಂದ ಹಾರ್ಮೋನಿಯಂ ಹೊತ್ತುಕೊಂಡು ಮಾಗಡಿ, ಕುಣಿಗಲ್, ಗುಬ್ಬಿ ಕಡೆ ನಾಟಕ ಕಲಿಸಲು ಹೋಗುವ ನನಗೆ ಇದಕ್ಕಿಂತ ಇಷ್ಟದ ವಿಷಯ ಇನ್ನೊಂದಿಲ್ಲ. ಹಾಗಾಗಿ ಮೊದಲ ಪತ್ರಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಮೇಷ್ಟ್ರೇ, ನಾನು ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ನಮ್ಮೂರು ಗುಬ್ಬಿ ತಾಲ್ಲೂಕು. ಪ್ರತಿ ವರ್ಷ ಜಾತ್ರೆಗೆ ಕುರುಕ್ಷೇತ್ರ ಆಡುತ್ತೇವೆ. ಈ ಸಲ ನಮ್ಮೂರಿನದೇ ಕಥೆ ಇಟ್ಟುಕೊಂಡು, ಹಾಡು ತುಂಬಿದ ಹಾಸ್ಯ ನಾಟಕ ಕಟ್ಟಬೇಕು ಅಂತ ಹುಡುಗರಿಗೆಲ್ಲ ಆಸೆ. ಹಿರಿಯರು ಮಾತ್ರ 'ಹೊಸ ನಾಟಕಕ್ಕೆ ಜನ ಕೂರಲ್ಲ ಕಣ್ರೋ' ಅಂತಾರೆ. ಎಲ್ಲಿಂದ ಶುರು ಮಾಡುವುದು?
— ಓದುಗರೊಬ್ಬರು, ಕಾಮಾಕ್ಷಿಪಾಳ್ಯ

ಉತ್ತರ: ಹಿರಿಯರ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ಕುರುಕ್ಷೇತ್ರದ ಕಥೆ ಗೊತ್ತಿಲ್ಲದವರು ಊರಲ್ಲಿ ಯಾರಿದ್ದಾರೆ? ಆದರೂ ಜನ ಬೆಳಗಿನ ತನಕ ಕೂರುತ್ತಾರೆ. ಯಾಕೆಂದರೆ ಯಾವ ಹಾಡು ಎಲ್ಲಿ ಬರುತ್ತದೆ ಅಂತ ಅವರಿಗೆ ಬಾಯಿಪಾಠ. ದುರ್ಯೋಧನ ಪರದೆಯ ಹಿಂದೆ ರಾಗ ಎತ್ತಿದರೆ ಸಾಕು, ಕೊನೆಯ ಸಾಲಿನಿಂದ ಶಿಳ್ಳೆ ಬರುತ್ತದೆ. ಹೊಸ ನಾಟಕಕ್ಕೆ ಆ ಪರಿಚಯ ಇರುವುದಿಲ್ಲ. ಅದನ್ನು ಬೇರೆ ದಾರಿಯಿಂದ ತರಬೇಕು. ಕಥೆ ಅವರದೇ ಬದುಕಿನದಾಗಿರಬೇಕು, ಮಾತು ಅವರದೇ ಬಾಯಿನದಾಗಿರಬೇಕು.

ಹಿರಿಯರಿಗೆ ನೀವು ಒಂದು ಮಾತು ನೆನಪಿಸಬಹುದು. ಗುಬ್ಬಿ ಕಂಪನಿ 1884ರಲ್ಲಿ ಹುಟ್ಟಿದ್ದು ನಿಮ್ಮ ತಾಲ್ಲೂಕಿನಲ್ಲೇ. ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದು ಕುರುಕ್ಷೇತ್ರ ಆಡಿದ್ದು ಅದೇ ಕಂಪನಿ. ಆದರೆ ಕಂಪನಿಯ ಯಜಮಾನರಾದ ಗುಬ್ಬಿ ವೀರಣ್ಣನವರನ್ನು ಜನ ತಲೆ ಮೇಲೆ ಹೊತ್ತಿದ್ದು ಯಾವ ಪಾತ್ರಕ್ಕೆ? 'ಸದಾರಮೆ'ಯ ಕಳ್ಳನ ಪಾತ್ರಕ್ಕೆ. ಹಾಡು ಬೆರೆತ ಹಾಸ್ಯ ನಿಮ್ಮ ಸೀಮೆಗೆ ಹೊರಗಿನಿಂದ ಬಂದದ್ದೇನಲ್ಲ.

ಈಗ ಕಥೆ. ದೊಡ್ಡ ಕಥೆ ಹುಡುಕಲು ಹೋಗಬೇಡಿ. ಊರಿನಲ್ಲಿ ದಿನಾ ಎಲ್ಲರೂ ಸೇರುವ ಜಾಗ ಯಾವುದು ನೋಡಿ. ನಾನು ಕುಣಿಗಲ್ ಕಡೆಯ ಒಂದು ಹಳ್ಳಿಗೆ ನಾಟಕ ಕಟ್ಟಲು ಹೋದಾಗ ಅದು ಡೈರಿ ಆಗಿತ್ತು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕ್ಯಾನು, ತಂಬಿಗೆ ಹಿಡಿದು ಇಡೀ ಊರೇ ಸಾಲಿನಲ್ಲಿ ನಿಲ್ಲುತ್ತದೆ. ಅತ್ತೆ ಸೊಸೆ ಜಗಳ, ಮದುವೆ ಮಾತು, ಬೋರ್‌ವೆಲ್ ಫೇಲಾದ ಸುದ್ದಿ, ಸೈಟು ಬ್ರೋಕರ್ ಬಂದು ಹೋದದ್ದು, ಎಲ್ಲ ಅಲ್ಲೇ ತಿಳಿಯುತ್ತದೆ. ಯಾರ ಹಾಲಿಗೆ ಎಷ್ಟು ಫ್ಯಾಟ್ ಬಂತು ಅನ್ನುವುದು ಅಲ್ಲಿ ಮಾನದ ಪ್ರಶ್ನೆ. ನಾಟಕ ಅಲ್ಲಿಂದಲೇ ಹುಟ್ಟಿತು. ಮೊದಲ ಹಾಡು ಹೀಗಿತ್ತು:

ಹಾಲು ಅಳೆಯೋ ಹೊತ್ತಾಯ್ತು, ಸಾಲಿನಲ್ಲಿ ನಿಲ್ಲಿರೋ
ನೀರು ನಂದಲ್ಲ ಸ್ವಾಮಿ, ಮೋಡಾನ ಕೇಳಿರೋ!

ಎರಡನೇ ಸಾಲು ನಾನು ಬರೆದದ್ದಲ್ಲ. ಹಾಲಿಗೆ ನೀರು ಬೆರೆತಿದೆಯಾ ಅಂತ ನೋಡಲು ಲ್ಯಾಕ್ಟೋಮೀಟರ್ ಬಿಡುವ ದೃಶ್ಯದ ಅಭ್ಯಾಸದಲ್ಲಿ ಒಬ್ಬ ಅಜ್ಜಿ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಅವರ ಬಾಯಿಂದ ಬಂದ ಮಾತು ಅದು. ನಾನು ತಾಳಕ್ಕೆ ಕೂರಿಸಿದೆ, ಅಷ್ಟೇ. ಜಾತ್ರೆಯ ದಿನ ಆ ಸಾಲಿಗೆ 'ಒನ್ಸ್ ಮೋರ್' ಬಂತು. ಹಾಗಾಗಿ ನಾಟಕವನ್ನು ಪೂರ್ತಿ ಬರೆದು ಮುಗಿಸಿ ಆಮೇಲೆ ಅಭ್ಯಾಸಕ್ಕೆ ಕೂರಬೇಡಿ. ಕಥೆಯ ಎಳೆ ಇಟ್ಟುಕೊಳ್ಳಿ, ನಾಲ್ಕು ದೃಶ್ಯ ಬರೆದುಕೊಳ್ಳಿ, ಬಾಗಿಲು ತೆರೆದಿಟ್ಟು ಅಭ್ಯಾಸ ಮಾಡಿ. ನೋಡಲು ಬಂದವರು ಮಾತು ಕೊಟ್ಟು ಹೋಗುತ್ತಾರೆ.

ಪಾತ್ರ ಹಂಚುವಾಗ ಹುಷಾರು. ಪೌರಾಣಿಕ ನಾಟಕದಲ್ಲಿ ದೊಡ್ಡ ಪಾತ್ರಕ್ಕೆ ಜಾಸ್ತಿ ದುಡ್ಡು, ಸಣ್ಣದಕ್ಕೆ ಕಮ್ಮಿ ಅಂತ ಹಾಕಿಕೊಳ್ಳುವ ಪದ್ಧತಿ ನಿಮ್ಮಲ್ಲೂ ಇದ್ದೇ ಇರುತ್ತದೆ. ಸೀನರಿ, ಡ್ರೆಸ್ಸು, ಮೇಷ್ಟ್ರ ಸಂಬಳ ಎಲ್ಲ ಅದರಲ್ಲೇ ನಡೆಯಬೇಕು, ಒಪ್ಪುತ್ತೇನೆ. ಆದರೆ ಹೊಸ ಹಾಸ್ಯ ನಾಟಕಕ್ಕೆ ಆ ಲೆಕ್ಕ ತರಬೇಡಿ. ಖರ್ಚನ್ನು ಎಲ್ಲರೂ ಸಮ ಹಂಚಿಕೊಳ್ಳಿ. ದುಡ್ಡು ಕೊಟ್ಟವನು ಪಾತ್ರ ಆರಿಸಿದರೆ ನಗಿಸಬಲ್ಲವನು ಸೈನಿಕನ ವೇಷದಲ್ಲಿ ಮೂಲೆಗೆ ನಿಲ್ಲುತ್ತಾನೆ. ಅದನ್ನು ಕಂಡು ನನಗೆ ತುಂಬ ಸಂಕಟವಾಗಿದೆ. ಹೊಸ ನಾಟಕದ ಅನುಕೂಲ ಏನು ಗೊತ್ತಾ? ಇರುವ ಜನಕ್ಕೆ ತಕ್ಕಂತೆ ಪಾತ್ರ ಹೊಲಿಯಬಹುದು. ಊರಿನಲ್ಲಿ ಜೋರಾಗಿ ಹರಟುವವನು ಒಬ್ಬ ಇದ್ದಾನಾ, ಅವನಿಗೆ ಬ್ರೋಕರ್ ಪಾತ್ರ. ಬಾಯಿ ಬಿಡದವನು ಇದ್ದಾನಾ, ಅವನು ಮಾತೇ ಆಡದೆ ನಗಿಸುವ ಹಾಗೆ ಬರೆಯಿರಿ. ನಗಿಸಲು ಬೇರೆ ಊರಿನಿಂದ ಹಾಸ್ಯಗಾರರನ್ನು ದುಡ್ಡು ಕೊಟ್ಟು ಕರೆಸಲೇಬೇಡಿ.

ಹಾಡಿಗೆ ಬರೋಣ. ಮೊದಲ ದಿನ ಮಾತು ಕಲಿಸಬೇಡಿ, ಒಬ್ಬೊಬ್ಬರನ್ನೇ ಹಾರ್ಮೋನಿಯಂ ಪಕ್ಕ ಕೂರಿಸಿ ಶ್ರುತಿ ನೋಡಿ. ಗಂಡಸು ಅಂದರೆ ಕಪ್ಪು ಒಂದು (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿ) ಅಂತ ಕಣ್ಣು ಮುಚ್ಚಿ ಹಿಡಿದುಬಿಡುವ ಮೇಷ್ಟ್ರುಗಳು ಇದ್ದಾರೆ. ಅದೇ ಕುಣಿಗಲ್ ಕಡೆಯ ಊರಿನಲ್ಲಿ ಒಬ್ಬ ಟ್ರ್ಯಾಕ್ಟರ್ ಡ್ರೈವರ್ ಇದ್ದ. 'ನಿನಗೆ ಕಂಠ ಇಲ್ಲ' ಅಂತ ಯಾರೋ ಹೇಳಿ, ಪ್ರತಿ ವರ್ಷ ಪರದೆ ಎಳೆಯುವ ಕೆಲಸಕ್ಕೆ ಹಾಕಿದ್ದರು. ಕಪ್ಪು ಒಂದರಲ್ಲಿ ಹಾಡಿಸಿದೆ. ಮೇಲಿನ ಪಂಚಮಕ್ಕೆ ಹೋಗುವಷ್ಟರಲ್ಲಿ ಕತ್ತಿನ ನರ ಉಬ್ಬಿ ಗಂಟಲು ಕಟ್ಟಿತು. ಒಂದೊಂದೇ ಮನೆ ಕೆಳಗಿಳಿಸುತ್ತಾ ಕೆಳಗಿನ ಸಪ್ತಕದ ಬಿಳಿ ಆರಕ್ಕೆ, ಅಂದರೆ ಆರನೇ ಬಿಳಿ ಮನೆಗೆ ತಂದೆ. ದನಿ ತುಂಬಿಕೊಂಡು ಬಂತು ನೋಡಿ! ಹೊರಗೆ ಬೀಡಿ ಸೇದುತ್ತಿದ್ದವರು ಕಿಟಕಿಗೆ ಬಂದು ನಿಂತರು. ಆ ವರ್ಷ ಡೈರಿ ಸೆಕ್ರೆಟರಿ ಪಾತ್ರ ಅವನದೇ ಆಯಿತು, ಅವನ ಹಾಡನ್ನೆಲ್ಲ ಆ ಶ್ರುತಿಗೇ ಕಟ್ಟಿದೆ. ಪೌರಾಣಿಕ ನಾಟಕದಲ್ಲಿ ಹಾಡು ಮೊದಲೇ ಇರುತ್ತದೆ, ನಟ ಅದಕ್ಕೆ ಹೊಂದಿಕೊಳ್ಳಬೇಕು. ಹೊಸದರಲ್ಲಿ ಹಾಡೇ ನಟನಿಗೆ ಹೊಂದಿಕೊಳ್ಳಬೇಕು.

ಪ್ರತಿ ಹಾಡಿನಲ್ಲೂ ಕಥೆ ಒಂದು ಹೆಜ್ಜೆ ಮುಂದೆ ಹೋಗಲಿ. ಹಾಡು ಮುಗಿದ ಮೇಲೂ ಪಾತ್ರಗಳು ಅಲ್ಲಲ್ಲೇ ನಿಂತಿದ್ದರೆ ಆ ಹಾಡು ಬೇಡ. ಹಾಸ್ಯದ ಹಾಡಿಗೆ ತಾಳ ಚುರುಕಾಗಿರಲಿ, ಆದರೆ ನಗು ಬರುವ ಮಾತಿನ ಕೆಳಗೆ ತಬಲ ಜೋರು ಮಾಡಿಸಬೇಡಿ. ಮಾತು ಕೇಳಿಸದೆ ಯಾರಾದರೂ ನಗುತ್ತಾರಾ?

ಪ್ರಶ್ನೆ: ಹೊಸ ರಾಗ ಕಟ್ಟುವವರು ನಮ್ಮಲ್ಲಿಲ್ಲ. ಸಿನಿಮಾ ಹಾಡಿನ ಮಟ್ಟಿಗೆ (ಧಾಟಿಗೆ) ನಮ್ಮ ಪದ ಹಾಕಿದರೆ ತಪ್ಪಾ?
— ಓದುಗರೊಬ್ಬರು, ಲಗ್ಗೆರೆ

ಉತ್ತರ: ಬೇರೆ ಕಡೆಯ ಮಟ್ಟು ತರುವುದು ಕಂಪನಿ ನಾಟಕಕ್ಕೆ ಹೊಸದಲ್ಲ. ಪಾರ್ಸಿ, ಮರಾಠಿ ನಾಟಕಗಳ ಮಟ್ಟುಗಳು ಕನ್ನಡ ರಂಗಗೀತೆಗೆ ಹೇರಳವಾಗಿ ಬಂದಿವೆ. ಇನ್ನು ಕಾನೂನು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹವ್ಯಾಸಿ ಸಂಘಗಳಿಗೆ ಒಂದು ವಿನಾಯಿತಿ ಇದೆ. ಟಿಕೆಟ್ ಇಲ್ಲದೆ ಆಡಿದರೆ, ಇಲ್ಲವೇ ಧಾರ್ಮಿಕ ಸಂಸ್ಥೆಯೊಂದರ ಸಹಾಯಾರ್ಥ ಆಡಿದರೆ, ಆ ಪ್ರದರ್ಶನ ಕೃತಿಸ್ವಾಮ್ಯದ ಉಲ್ಲಂಘನೆ ಆಗುವುದಿಲ್ಲ. ಆದರೆ ಅದು ಪ್ರದರ್ಶನಕ್ಕೆ ಇರುವ ವಿನಾಯಿತಿ. ಪದ ಬದಲಿಸುವುದು, ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕುವುದು ಬೇರೆ ವಿಷಯ, ಅದಕ್ಕೆಲ್ಲ ಇದೇ ರಕ್ಷೆ ಅಂದುಕೊಳ್ಳಬೇಡಿ.

ಕಾನೂನು ಪಕ್ಕಕ್ಕಿಡಿ, ರಂಗದ ದೃಷ್ಟಿಯಿಂದಲೂ ನನಗೆ ಸಿನಿಮಾ ಮಟ್ಟು ಬೇಡ. ಕೇಳುವವರ ತಲೆಯಲ್ಲಿ ಆ ಹಾಡಿನ ಹೀರೋ ಬಂದು ನಿಲ್ಲುತ್ತಾನೆ, ನಿಮ್ಮ ಪಾತ್ರ ಹಿಂದೆ ಸರಿಯುತ್ತದೆ. ರಾಗ ಕಟ್ಟುವವರಿಲ್ಲ ಅಂತ ಯಾರು ಹೇಳಿದ್ದು? ಮದುವೆಮನೆಯಲ್ಲಿ ಸೋಬಾನೆ ಹೇಳುವ ಹೆಂಗಸರನ್ನು ಕೇಳಿ. ಕೋಲಾಟದವರನ್ನು ಕೇಳಿ, ಭಜನೆಮನೆಯಲ್ಲಿ ತತ್ವಪದ ಹೇಳುವವರನ್ನು ಕೇಳಿ. ಒಂದೇ ಸೋಬಾನೆ ಮಟ್ಟನ್ನು ವೇಗ ಮಾಡಿ ಜಗಳದ ಹಾಡಿಗೆ ಇಟ್ಟು ನೋಡಿ, ಹೆಂಗಸರ ಕಡೆಯಿಂದ ಮೊದಲ ನಗು ಬರುತ್ತದೆ.

ಪ್ರಶ್ನೆ: ಮೊದಲು ಬೆಳಗಾಗುವ ತನಕ ಆಡುತ್ತಿದ್ದೆವು. ಈಗ ಹತ್ತು ಗಂಟೆಗೆ ಮೈಕ್ ನಿಲ್ಲಿಸಿ ಅಂತಾರೆ. ಏನು ಮಾಡುವುದು?
— ಓದುಗರೊಬ್ಬರು, ಸುಂಕದಕಟ್ಟೆ

ಉತ್ತರ: 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ವರ್ಷದಲ್ಲಿ 15 ದಿನ ಮೀರದಂತೆ ರಾತ್ರಿ 12ರವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು. ನಿಮ್ಮ ಜಾತ್ರೆ ಆ ಪಟ್ಟಿಗೆ ಬರುತ್ತದಾ ಅಂತ ಠಾಣೆಯಲ್ಲಿ ಮೊದಲೇ ವಿಚಾರಿಸಿ, ಅನುಮತಿಯನ್ನು ಬರಹದಲ್ಲಿ ತೆಗೆದುಕೊಳ್ಳಿ. ಹಾಸ್ಯ ನಾಟಕಕ್ಕೆ ಎರಡು ಗಂಟೆ ಸಾಕು. ಸಂಜೆ ಡೈರಿ ಮುಗಿದು ಊಟ ಆದ ಮೇಲೆ ಏಳೂವರೆಗೆ ಪರದೆ ತೆಗೆದರೆ ಮಕ್ಕಳು ನಿದ್ದೆ ಮಾಡುವ ಮೊದಲೇ ಮುಗಿಯುತ್ತದೆ. ಸನ್ಮಾನ, ಭಾಷಣಗಳನ್ನು ನಾಟಕದ ಮುಂಚೆ ಇಡಬೇಡಿ, ಕೊನೆಗಿಡಿ.

ಪ್ರಶ್ನೆ: ನಾನು ಸ್ತ್ರೀಶಕ್ತಿ ಸಂಘದಲ್ಲಿದ್ದೇನೆ. ನಮ್ಮೂರ ನಾಟಕಕ್ಕೆ ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ನನಗೂ ಆಡುವ ಆಸೆ. ಮನೆಯಲ್ಲಿ ಮಾವನವರು 'ಮರ್ಯಾದಸ್ಥರು ಬಣ್ಣ ಹಚ್ಚಲ್ಲ' ಅಂತಾರೆ.
— ಓದುಗರೊಬ್ಬರು, ಮಾಗಡಿ ತಾಲ್ಲೂಕು

ಉತ್ತರ: ಅಕ್ಕಾ, ನಿಮ್ಮ ಪತ್ರ ಓದಿ ನನಗೆ ತುಂಬ ಸಂತೋಷವಾಯಿತು, ಸಂಕಟವೂ ಆಯಿತು. ಆರ್. ನಾಗರತ್ನಮ್ಮನವರ ಹೆಸರು ನಿಮ್ಮ ಮಾವನವರಿಗೆ ಹೇಳಿ. 1958ರಲ್ಲಿ ಅವರು ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಎಲ್ಲ ಪಾತ್ರವೂ ಹೆಂಗಸರದೇ. ಕಂಸ, ರಾವಣನಂಥ ಪಾತ್ರಗಳನ್ನು ಸ್ವತಃ ಮಾಡಿ ಜನರಿಂದ ಭಲೇ ಅನ್ನಿಸಿಕೊಂಡರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹೊಟ್ಟೆಪಾಡಿಗೆ ಊರೂರು ತಿರುಗಿ ಹಾಡುವ ಆ ಕಲಾವಿದೆಯರೂ ಮರ್ಯಾದಸ್ಥರೇ, ಅದನ್ನೂ ಮಾವನವರಿಗೆ ಮೆಲ್ಲಗೆ ಹೇಳಿ.

ಒಬ್ಬರೇ ಹೋಗಿ ಕೇಳಬೇಡಿ. ಸಂಘದಲ್ಲಿ ನಾಲ್ಕೈದು ಜನ ಒಟ್ಟಾಗಿ. ನಿಮ್ಮದೇ ಒಂದು ಪುಟ್ಟ ಪ್ರಹಸನ ಕಟ್ಟಿ, ಹಗಲು ಹೊತ್ತು ಶಾಲೆಯ ಜಗಲಿಯಲ್ಲಿ ಅಭ್ಯಾಸ ಮಾಡಿ. ಸಂಘದ ಸಾಲ, ವಾರದ ಕಂತು, ಕಂತಿನ ದಿನ ಕಾಣೆಯಾಗುವ ಗಂಡಸರು, ಇದರಲ್ಲಿ ಎಷ್ಟು ನಗು ಇದೆ ಅಂತ ನಿಮಗೆ ನಾನು ಹೇಳಬೇಕಾ? ಮಾವನವರನ್ನು ಅಭ್ಯಾಸ ನೋಡಲು ಕರೆಯಿರಿ. ಅವರಿಗೆ ತಾಳ ಗೊತ್ತಿದ್ದರೆ ಕೈಗೆ ತಾಳ ಕೊಟ್ಟುಬಿಡಿ.

ಪ್ರಶ್ನೆ: ನಾಟಕದಲ್ಲಿ ನಮ್ಮೂರಿನ ಒಬ್ಬರನ್ನು ಹೋಲುವ ಪಾತ್ರ ಇದೆ. ಜಗಳ ಆದರೆ?
— ಓದುಗರೊಬ್ಬರು, ನೆಲಮಂಗಲ

ಉತ್ತರ: ಆ ಮನುಷ್ಯ ಅಧಿಕಾರ ಇರುವವನಾ, ಇಲ್ಲ ಕೈಲಾಗದವನಾ? ಮೊದಲು ಇದನ್ನು ನೋಡಿ. ಮಾಸ್ಟರ್ ಹಿರಣ್ಣಯ್ಯನವರು 'ಲಂಚಾವತಾರ'ದಲ್ಲಿ ತರಾಟೆಗೆ ತೆಗೆದುಕೊಂಡದ್ದು ಲಂಚ ತಿನ್ನುವವರನ್ನು. ಬಡವನ ಹರಕು ಅಂಗಿ, ತೊದಲುವವನ ಮಾತು, ಯಾರದೋ ಜಾತಿ, ಇವನ್ನು ಇಟ್ಟುಕೊಂಡು ನಗಿಸುವುದನ್ನು ನಾನು ಯಾವ ತಂಡಕ್ಕೂ ಬಿಡುವುದಿಲ್ಲ. ನಕ್ಕವರ ಮಧ್ಯೆಯೇ ಒಬ್ಬ ತಲೆ ತಗ್ಗಿಸಿ ಕೂತಿರುತ್ತಾನೆ, ಮಾರನೇ ದಿನ ಅವನೂ ನೀವೂ ಒಂದೇ ಬಾವಿಕಟ್ಟೆಗೆ ಹೋಗಬೇಕು. ಕೆಟ್ಟ ಬುದ್ಧಿಯನ್ನು ಗೇಲಿ ಮಾಡಿ, ಮನುಷ್ಯನನ್ನಲ್ಲ. ಒಂದು ಪಾತ್ರಕ್ಕೆ ಮೂರು ಜನರ ಗುಣ ಬೆರೆಸಿ. ಆಗ ಎಲ್ಲರೂ ಪಕ್ಕದವನನ್ನು ತೋರಿಸುತ್ತಾರೆ.

ಪ್ರಶ್ನೆ: ಊರಿನಲ್ಲಿ ನಮ್ಮ ಹೊಸ ನಾಟಕ ಚೆನ್ನಾಗಿ ಆಯಿತು. ಬೆಂಗಳೂರಿನಲ್ಲಿ ಆಡಬೇಕು ಅಂತ ಆಸೆ. ಕಲಾಕ್ಷೇತ್ರ ಸಿಗುತ್ತದಾ? ಪೇಟೆಯವರಿಗೆ ಅರ್ಥವಾಗುವ ಹಾಗೆ ಭಾಷೆ ಬದಲಿಸಬೇಕಾ?
— ಓದುಗರೊಬ್ಬರು, ರಾಜಗೋಪಾಲನಗರ

ಉತ್ತರ: ಭಾಷೆ ಮಾತ್ರ ಬದಲಿಸಬೇಡಿ. ಒಂದು ಅಕ್ಷರವನ್ನೂ! ನಿಮ್ಮ ಮಾತಿನ ಸೊಗಡೇ ನಾಟಕದ ಜೀವ.

ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ, ಅದರ ಹಿಂದಿನ ಸಂಸ ಬಯಲು ರಂಗಮಂದಿರ, ನಮ್ಮ ಹನುಮಂತನಗರದ ಕೆ.ಎಚ್. ಕಲಾಸೌಧ, ಇವೆಲ್ಲ ಇವೆ. ಬಯಲಿನಲ್ಲಿ ಆಡಿ ಅಭ್ಯಾಸ ಇರುವವರಿಗೆ ಸಂಸ ಚೆನ್ನಾಗಿ ಒಗ್ಗುತ್ತದೆ. ಆದರೆ ನನ್ನ ಸಲಹೆ ಬೇರೆ. ಗುಬ್ಬಿ, ಕುಣಿಗಲ್, ಮಾಗಡಿ ಕಡೆಯಿಂದ ಬಂದು ಗಾರ್ಮೆಂಟ್ಸ್, ಕಾರ್ಖಾನೆಗಳಲ್ಲಿ ದುಡಿಯುವ ನಿಮ್ಮ ಜನ ಲಗ್ಗೆರೆ, ಸುಂಕದಕಟ್ಟೆ, ರಾಜಗೋಪಾಲನಗರಗಳಲ್ಲೇ ಇದ್ದಾರೆ. ಕೆಲಸ ಮುಗಿಸಿ ಜೆ.ಸಿ. ರಸ್ತೆಗೆ ಎರಡು ಬಸ್ ಬದಲಿಸಿ ಬರಲು ಅವರಿಂದ ಆಗುವುದಿಲ್ಲ. ಮೊದಲ ಪ್ರಯೋಗ ಅವರ ಬೀದಿಯಲ್ಲೇ ಆಗಲಿ. ಗಣೇಶನ ಪೆಂಡಾಲಿನಲ್ಲಿ ಸ್ಟೇಜು, ಲೈಟು, ಮೈಕು ಎಲ್ಲ ಮೊದಲೇ ಇರುತ್ತದೆ, ಒಂದು ಸಂಜೆಯ ಆರ್ಕೆಸ್ಟ್ರಾ ಬದಲು ನಿಮ್ಮ ನಾಟಕ ಇಡಲು ಕಮಿಟಿಯವರನ್ನು ಕೇಳಿ. ನಿಮ್ಮ ನಾಟಕದ ಒಂದು ಹಾಡನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಹೋಗಿ ತೋರಿಸಿ. ಆಷಾಢದಲ್ಲೇ ಮಾತಾಡಿ, ಶ್ರಾವಣ ಬಂದರೆ ಆರ್ಕೆಸ್ಟ್ರಾದವರಿಗೆ ಅಡ್ವಾನ್ಸ್ ಹೋಗಿಬಿಟ್ಟಿರುತ್ತದೆ.