ತೋಟ ಇವರದ್ದು, ಕೆಸರು ನನ್ನದು

"ಇವಳಿಗೆ ಸಿಟ್ಟು ಜಾಸ್ತಿ ಮೇಡಂ. ಅದೊಂದು ಕಮ್ಮಿ ಆಗೋ ಹಾಗೆ ಮಾಡಿ." ಹೀಗೆ ಹೇಳಿಕೊಂಡು ಹೆಂಡತಿಯನ್ನು ಕರೆತರುವ ಗಂಡಂದಿರು ಕೌನ್ಸೆಲರ್ ಆದ ನನಗೆ ಹೊಸಬರಲ್ಲ. ಮಿಕ್ಸಿ ರಿಪೇರಿಗೆ ತಂದ ಹಾಗೆ ತಂದು, ಹೊರಗೆ ಕುರ್ಚಿಯಲ್ಲಿ ಮೊಬೈಲ್ ನೋಡುತ್ತಾ ಕೂರುತ್ತಾರೆ. ಈ ಪ್ರಕರಣವೂ ಹಾಗೇ ಶುರುವಾಯಿತು. ಬರೆಯಬೇಕು ಅನ್ನಿಸಿದ್ದು ಯಾಕೆಂದರೆ ಇದರಲ್ಲಿ ಮೊದಲು ಎಡವಿದ್ದು ನಾನು. ಗುರುತು ಸಿಗದಿರಲಿ ಎಂದು ಕೆಲವು ವಿವರ ಬದಲಿಸಿದ್ದೇನೆ.

ಆಕೆಯನ್ನು ಸುಮಾ ಎನ್ನೋಣ. ಮೈಸೂರಿನ ಹೊರವಲಯದ ಬಡಾವಣೆಯಲ್ಲಿ ಸ್ವಂತ ಮನೆ, ಹಿಂದೆ ಒಂದಿಷ್ಟು ಹಿತ್ತಲು. ಮಗನಿಗೆ ಆರು ವರ್ಷ, ಮಗಳಿಗೆ ಮೂರು. ಸುಮಾ ಮನೆಯಿಂದಲೇ ಅರ್ಧ ದಿನ ಅಕೌಂಟ್ಸ್ ಕೆಲಸ ಮಾಡುತ್ತಾರೆ. ಗಂಡ ಮಲೆನಾಡಿನವರು, ಅಡಿಕೆ ತೋಟದ ಮನೆಯಲ್ಲಿ ಬೆಳೆದವರು. ಹಿತ್ತಲ ಕೈತೋಟ ಅವರ ಪ್ರಾಣ. ರಜೆಯ ದಿನ ಮಕ್ಕಳನ್ನೂ ಜೊತೆಗೆ ಇಳಿಸುತ್ತಾರೆ.

ಒಂದು ಶನಿವಾರ ಮಗ ಶಾಲೆಯಿಂದ ಬಂದವನೇ ಬಿಳಿ ಯೂನಿಫಾರ್ಮಿನಲ್ಲೇ ಹಿತ್ತಲಿಗೆ ಓಡಿದ. ಎರಡು ಗಂಟೆಗೆ ಕೆಂಪು ಮಣ್ಣು ಮೆತ್ತಿಕೊಂಡು ನಡುಮನೆಯೊಳಗೆ ನಡೆದುಬಂದ. ಸುಮಾ ಬೆನ್ನಿಗೆ ಬಾರಿಸಿದರು. ಐದು ಬೆರಳೂ ಮೂಡಿದವು. ಮಗು ಅತ್ತಿತು, ಆಮೇಲೆ ಅವರೂ ಅತ್ತರು. ಅದು ಮೊದಲ ಸಲವೂ ಆಗಿರಲಿಲ್ಲ.

ಮೊದಲ ಎರಡು ಭೇಟಿಯಲ್ಲಿ ನಾನು ಸುಮಾ ಒಬ್ಬರನ್ನೇ ಮಾತಾಡಿಸಿದೆ. ನಿದ್ದೆ, ಊಟ, ಬೇಸರ, ಸಾಯಬೇಕು ಅನ್ನಿಸುತ್ತಾ, ಎಲ್ಲ ಕೇಳಿದೆ. ಖಿನ್ನತೆಯ ಲಕ್ಷಣ ಕಾಣಲಿಲ್ಲ. ಸಿಟ್ಟು ಬಂದಾಗ ಉಸಿರು ನಿಧಾನ ಮಾಡಿ, ಹತ್ತರವರೆಗೆ ಎಣಿಸಿ, ಆ ಜಾಗ ಬಿಟ್ಟು ಆಚೆ ಹೋಗಿ ಎಂದು ಕಲಿಸಿದೆ. ಎಲ್ಲರೂ ಕಲಿಸುವುದೇ. ಮೂರನೇ ಭೇಟಿಗೆ ಬಂದಾಗ ಹೇಗಾಯಿತು ಎಂದೆ.

"ಎಣಿಸಿದೆ ಮೇಡಂ. ಎಣಿಸ್ತಾ ಎಣಿಸ್ತಾನೇ ನೆಲ ಒರೆಸಿದೆ."

ವ್ಯಂಗ್ಯ ಏನೂ ಇರಲಿಲ್ಲ. ಹೇಳಿದ ಪಾಠ ಒಪ್ಪಿಸುವವರ ದನಿ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೆಲಸ ಅವರ ತಲೆಯ ಮೇಲೇ ಇತ್ತು. ನಾನು ಅದರ ಮೇಲೆ ಉಸಿರಾಟ ಅನ್ನುವ ಇನ್ನೊಂದು ಕೆಲಸ ಹೇರಿದ್ದೆ.

ನಾಲ್ಕನೇ ಭೇಟಿಗೆ ಗಂಡನನ್ನೂ ಒಳಗೆ ಕೂರಿಸಿದೆ. ಅವರು ಖುಷಿಯಿಂದ ಫೋನಿನಲ್ಲಿ ತೋಟದ ಫೋಟೊ ತೋರಿಸಿದರು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಬೆಂಡೆ, ಹರಿವೆ ಸೊಪ್ಪು, ಚಪ್ಪರಕ್ಕೆ ಹಬ್ಬಿದ ಹೀರೆ. ಮೂಲೆಯಲ್ಲಿ ಡ್ರಮ್ಮಿನಲ್ಲಿ ಜೀವಾಮೃತ. ಸಗಣಿ, ಗಂಜಲ, ಬೆಲ್ಲ, ಕಡಲೆಹಿಟ್ಟು ಕಲಸಿದ್ದು. ಅದನ್ನು ಕೋಲಿನಲ್ಲಿ ತಿರುಗಿಸುವುದು ಮಗಳ ಇಷ್ಟದ ಕೆಲಸವಂತೆ. ಒಳ್ಳೆಯ ಅಪ್ಪ, ಅದರಲ್ಲಿ ನನಗೆ ಅನುಮಾನ ಇರಲಿಲ್ಲ.

"ಶನಿವಾರ ಹನ್ನೆರಡರಿಂದ ಎರಡರವರೆಗೆ ತೋಟ. ಎರಡು ಗಂಟೆ ಆದಮೇಲೆ?" ಎಂದೆ.

"ಎರಡಕ್ಕೆ ಮುಗೀತಲ್ಲ ಮೇಡಂ. ಊಟ."

ಸುಮಾ ನಕ್ಕುಬಿಟ್ಟರು. ಆಮೇಲೆ ಬೆರಳು ಮಡಚುತ್ತಾ ಹೇಳತೊಡಗಿದರು. ಹಿತ್ತಲಲ್ಲಿ ನಲ್ಲಿ ಇಲ್ಲ. ಅಡುಗೆಮನೆ ಸಿಂಕಿನ ನಲ್ಲಿಗೆ ಪೈಪು ಸಿಕ್ಕಿಸಿ, ಕಿಟಕಿಯಿಂದ ಆಚೆ ಎಳೆಯುತ್ತಾರೆ. ಅಲ್ಲಿವರೆಗೆ ಅಡುಗೆಗೆ ನೀರಿಲ್ಲ. ಇಬ್ಬರು ಮಕ್ಕಳಿಗೂ ಸ್ನಾನ, ಉಗುರಿನ ಸಂದಿ ಬೇರೆ. ಜೀವಾಮೃತದ ವಾಸನೆ ಒಂದು ಸಲ ಸೋಪು ಹಾಕಿದರೆ ಹೋಗಲ್ಲ. ಬಚ್ಚಲಲ್ಲಿ ಮಣ್ಣು ನಿಂತು ನೀರು ಹೋಗಲ್ಲ. ಯೂನಿಫಾರ್ಮು ನೆನೆಹಾಕಬೇಕು. ನಡುಮನೆ ಒರೆಸಬೇಕು. ಇಷ್ಟರ ನಡುವೆ ಗಂಡ ಒಂದು ಬುಟ್ಟಿ ಹರಿವೆ ಕಟ್ಟೆ ಮೇಲೆ ಇಟ್ಟು, ನಮ್ಮ ತೋಟದ್ದು ನೋಡು, ಔಷಧಿ ಹೊಡೆದಿಲ್ಲ ಎನ್ನುತ್ತಾರೆ. ಔಷಧಿ ಹೊಡೆಯದ ಸೊಪ್ಪಿನಲ್ಲಿ ಹುಳ ಇರುತ್ತೆ, ಎಲೆ ಎಲೆಯಾಗಿ ಬಿಡಿಸಬೇಕು ಅಲ್ವಾ?

"ತೋಟ ಇವ್ರದ್ದು ಮೇಡಂ. ಕೆಸರು ನನ್ನದು."

ಗಂಡನ ಮುಖ ಸಪ್ಪಗಾಯಿತು. "ಮಕ್ಕಳಿಗೆ ಮಣ್ಣು ಗೊತ್ತಾಗಲಿ ಅಂತ ಮಾಡಿದ್ದು. ನಾವೆಲ್ಲ ಮಣ್ಣಲ್ಲೇ ಬೆಳೆದೋರು" ಎಂದರು.

"ಬಟ್ಟೆ ಯಾರು ಒಗೀತಿದ್ರು?"

"ಅಮ್ಮ." ಸ್ವಲ್ಪ ಹೊತ್ತು ಬಿಟ್ಟು, "ದೊಡ್ಡಮ್ಮ. ನಾಟಿ ಸಮಯದಲ್ಲಿ ಇನ್ನೊಬ್ಬರು ಬರ್ತಿದ್ರು." ಬಿಸಿನೀರು? ಹಂಡೆಯಲ್ಲಿ ಯಾವಾಗಲೂ ಇರುತ್ತಿತ್ತು, ಬಚ್ಚಲ ಒಲೆ ಆರುತ್ತಲೇ ಇರಲಿಲ್ಲ ಎಂದರು. ಒಲೆಗೆ ಸೌದೆ ಇಡುತ್ತಿದ್ದವರು ಯಾರು ಎಂದು ನಾನು ಕೇಳಲಿಲ್ಲ. ಅವರ ಮುಖ ನೋಡಿದರೆ ಕೇಳುವುದು ಬೇಕಿರಲಿಲ್ಲ.

ನನ್ನ ಸಲಹೆ ಚಿಕ್ಕದು. ಆರು ವಾರ, ಮಕ್ಕಳನ್ನು ತೋಟಕ್ಕೆ ಇಳಿಸಿದವರೇ ತೋಟ ಮುಗಿಸಬೇಕು. ಮುಗಿಯುವುದು ಎಂದರೆ ಮಕ್ಕಳ ಸ್ನಾನ ಆಗಿ, ಬಟ್ಟೆ ತಂತಿಯ ಮೇಲೆ ಬಿದ್ದು, ನೆಲ ಒಣಗಿ, ಸೊಪ್ಪು ಬಿಡಿಸಿ ಆದಮೇಲೆ. ಆ ಹೊತ್ತಿನಲ್ಲಿ ಸುಮಾ ತಾರಸಿಯ ಮೇಲೋ ಪಕ್ಕದ ಮನೆಯಲ್ಲೋ ಇರಬೇಕು. ಬಂದು ತಿದ್ದುವ ಹಾಗಿಲ್ಲ, ಎರಡನೇ ಸಲ ಒರೆಸುವ ಹಾಗಿಲ್ಲ.

ಸುಮಾಗೂ ಒಂದು ಕೆಲಸ ಇತ್ತು. ಮಗನನ್ನು ಕೂರಿಸಿಕೊಂಡು, ನಾನು ಹೊಡೆದದ್ದು ತಪ್ಪು ಎಂದು ಹೇಳಬೇಕು. "ನೀನು ಹಾಗೆ ಮಾಡಿದ್ದಕ್ಕೆ" ಎಂಬ ಬಾಲ ಸೇರಿಸಬಾರದು. ಸುಸ್ತು ನಿಜ, ಅನ್ಯಾಯವೂ ನಿಜ. ಆದರೆ ಪೆಟ್ಟು ಬಿದ್ದದ್ದು ಆ ಮನೆಯಲ್ಲಿ ಎಲ್ಲರಿಗಿಂತ ಚಿಕ್ಕ ಬೆನ್ನುಗಳಲ್ಲಿ ಒಂದಕ್ಕೆ. ಇದರಲ್ಲಿ ನಾನು ಜಗ್ಗಲಿಲ್ಲ. ಅವರಿಗೆ ಬೇಸರವಾಯಿತು, ಆದರೂ ಹೇಳಿದರು.

ಗೆಳತಿಯೊಬ್ಬರು, ಅವರೂ ಇದೇ ವೃತ್ತಿಯವರು, ಇದನ್ನು ಕೇಳಿ "ಇದು ಕೌನ್ಸೆಲಿಂಗಾ, ಪಂಚಾಯ್ತಿನಾ?" ಎಂದರು. ಪಂಚಾಯ್ತಿ ಎಂದೇ ಇಟ್ಟುಕೊಳ್ಳಿ. 2019ರಲ್ಲಿ ಕೇಂದ್ರದ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ದೇಶದ ಜನ ದಿನದ ಸಮಯ ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿತ್ತು. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ. ಅದೂ ಅಂಥ ಕೆಲಸಕ್ಕೆ ಕೈಹಾಕುವ ಗಂಡಸರ ಲೆಕ್ಕ ಮಾತ್ರ. ಅಂಥವರು ನೂರಕ್ಕೆ 26. ಸುಮಾಳ ಸಿಟ್ಟು ಈ ನಿಮಿಷಗಳಲ್ಲಿ ಇದೆ ಎಂದು ಗೊತ್ತಾದ ಮೇಲೂ ನಾನು ಅವರ ಬಾಲ್ಯವನ್ನೇ ಕೆದಕುತ್ತಾ ಕೂರಲೇ? ಕೆಲಸದವರನ್ನು ಇಟ್ಟುಕೊಳ್ಳಿ ಅನ್ನಬಹುದಿತ್ತಲ್ಲ ಎಂದೂ ಕೇಳುತ್ತಾರೆ. ಇಟ್ಟುಕೊಳ್ಳಲಿ, ಬೇಡ ಅನ್ನಲ್ಲ. ಆಗ ಕೆಸರು ಇನ್ನೊಬ್ಬ ಹೆಂಗಸಿನ ಪಾಲಾಗುತ್ತೆ, ಅಪ್ಪನಿಗೆ ಮಾತ್ರ ತೋಟ ಎರಡಕ್ಕೇ ಮುಗಿಯುತ್ತೆ.

ತೋಟದ ಬದಲು ಅಕ್ವೇರಿಯಂ ಇರಬಹುದು, ನಾಯಿಮರಿ ಇರಬಹುದು, ಭಾನುವಾರದ ಬಿರಿಯಾನಿ ಇರಬಹುದು. ನನ್ನ ಹತ್ತಿರ ಎಲ್ಲವೂ ಬಂದಿವೆ.

ಎಲ್ಲ ಸಿಟ್ಟಿಗೂ ಇದೇ ಮದ್ದು ಅಂತ ಯಾರೂ ತಿಳಿಯಬಾರದು. ವಾರಗಟ್ಟಲೆ ನಿದ್ದೆ ಬರದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಮಗುವಿಗೋ ತನಗೋ ಏನಾದರೂ ಮಾಡಿಬಿಡುತ್ತೇನೆ ಅನ್ನಿಸಿದರೆ ಕಾಯಬೇಡಿ, ವೈದ್ಯರನ್ನು ನೋಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಮೊದಲ ವಾರ ಗಂಡ ಒದ್ದೆ ಯೂನಿಫಾರ್ಮಿಗೆ ಬ್ರಶ್ ಹಾಕಿ ಉಜ್ಜಿದರು. ಕೆಂಪು ಇನ್ನೂ ಹರಡಿತು. ಊರಿಗೆ ಫೋನ್ ಮಾಡಿ ಅಮ್ಮನನ್ನು ಕೇಳಿದರು. "ನೀನ್ಯಾಕೆ ಒಗೀತೀಯ?" ಎಂದು ಅವರು ಮೊದಲು ಬೈದರಂತೆ. ಆಮೇಲೆ, ಮಣ್ಣು ಪೂರ್ತಿ ಒಣಗಲಿ, ಕೊಡವು, ಆಮೇಲೆ ನೆನೆಹಾಕು ಎಂದು ಹೇಳಿಕೊಟ್ಟರಂತೆ. ಎರಡನೇ ವಾರ ಹಿಂಬಾಗಿಲ ಮೊಳೆಗೆ ಎರಡು ಹಳೆ ಚಡ್ಡಿ ಬಂದವು. ಯೂನಿಫಾರ್ಮು ಬಿಚ್ಚದೆ ಯಾರೂ ಹಿತ್ತಲಿಗೆ ಇಳಿಯುವಂತಿಲ್ಲ, ಅಪ್ಪನದೇ ಕಾನೂನು. ಮೂರನೇ ವಾರ ಪ್ಲಂಬರ್ ಬಂದು ಹಿತ್ತಲಿಗೆ ನಲ್ಲಿ ಹಾಕಿದ. ಕೆಳಗೆ ಕಡಪ ಕಲ್ಲು, ಬಾಗಿಲಿಗೆ ಗೋಣಿಚೀಲ. ಐದನೇ ವಾರ ಯಾರೋ ನೆಂಟರು ಬಂದರೆಂದು ಎಲ್ಲ ತಪ್ಪಿತು, ಸುಮಾನೇ ಒರೆಸಿದರು.

ಕೊನೆಯ ಭೇಟಿಯಲ್ಲಿ ಗಂಡ ನಲ್ಲಿಯ ಫೋಟೊ ತೋರಿಸಿದರು. "ಇದನ್ನ ನಾನು ಮೂರು ಸಲ ಕೇಳಿದ್ದೆ" ಎಂದರು ಸುಮಾ, ನನ್ನ ಕಡೆ ನೋಡದೆ. ನನಗೂ ಖುಷಿಗಿಂತ ಸಿಟ್ಟೇ ಮೊದಲು ಬಂತು. ನಾಲ್ಕು ವರ್ಷ ಆ ಮನೆಯಲ್ಲಿ ಇದ್ದಾರೆ.

"ತೋಟ ಈಗಲಾದರೂ ಇಷ್ಟ ಆಯ್ತಾ?" ಎಂದೆ.

"ಇಲ್ಲ ಮೇಡಂ."

"ನಲ್ಲಿ ಬಂದ ದಿನ ಏನು ಮಾಡಿದಿರಿ?"

"ಪೈಪು ತೆಗೆದು ಅಡುಗೆಮನೆ ಕಿಟಕಿ ಮುಚ್ಚಿದೆ. ಇಷ್ಟು ದಿನ ಅದು ಪೂರ್ತಿ ಮುಚ್ತಾನೇ ಇರ್ಲಿಲ್ಲ. ಸೊಳ್ಳೆ ಬರ್ತಿತ್ತು."