ಫಿಗರ್ ಸ್ಕೇಟಿಂಗ್ ವಿಶ್ವ ಚಾಂಪಿಯನ್‌ಶಿಪ್‌ಗೆ ಆಯ್ಕೆ ಹೇಗೆ ನಡೆಯುತ್ತದೆ?

ಕಾರವಾರದಲ್ಲಿ ಐಸ್ ಅಂದ್ರೆ ಬೈತಖೋಲ ಬಂದರಿನ ಮೀನಿನ ಪೆಟ್ಟಿಗೆಯದ್ದೇ. ಆದರೂ ಐಸ್ ಮೇಲೆ ಜಾರುತ್ತಾ ಕುಣಿಯುವ ಈ ಆಟವನ್ನು ಟಿವಿಯಲ್ಲಿ ನೋಡಿ ಈ ಪ್ರಶ್ನೆ ಕೇಳಿದ್ದೀರಿ, ಖುಷಿಯಾಯಿತು.

ಮೊದಲ ವಿಷಯ: ಜಾಗ ಸಿಗುವುದು ಆಟಗಾರರಿಗಲ್ಲ, ದೇಶಕ್ಕೆ. ಸಿಂಗಲ್ಸ್‌ನಲ್ಲಿ ಒಂದು ದೇಶದಿಂದ ಹೆಚ್ಚೆಂದರೆ ಮೂವರು. ಈ ವರ್ಷ ಒಬ್ಬಳೇ ಹೋಗಿ ಮೊದಲ 10ರೊಳಗೆ ಬಂದರೆ, ಮುಂದಿನ ವರ್ಷ ದೇಶಕ್ಕೆ ಎರಡು ಜಾಗ. ಮೊದಲ ಎರಡರಲ್ಲಿ ಬಂದರೆ ಮೂರು. ಇಬ್ಬರು ಹೋಗಿದ್ದರೆ ಇಬ್ಬರ ಸ್ಥಾನ ಕೂಡಿಸುತ್ತಾರೆ: ಮೊತ್ತ 13ರೊಳಗಿದ್ದರೆ ಮೂರು, 28ರೊಳಗಿದ್ದರೆ ಎರಡು. ಅಂದರೆ ಒಬ್ಬಳು ಎಡವಿದರೆ ಮುಂದಿನ ವರ್ಷ ಇನ್ಯಾರದೋ ಜಾಗ ಹೋಗುತ್ತದೆ. ಸ್ವಲ್ಪ ಕ್ರೂರವೇ, ಅಲ್ವಾ?

ಯಾರನ್ನು ಕಳಿಸಬೇಕು ಅನ್ನುವುದು ಆ ದೇಶದ ಸಂಸ್ಥೆಗೆ ಬಿಟ್ಟಿದ್ದು. ಆದರೆ ಕನಿಷ್ಠ ತಾಂತ್ರಿಕ ಅಂಕ (ಜಿಗಿತ, ತಿರುಗುವಿಕೆ ಇಂಥವಕ್ಕೆ ಸಿಗುವ ಅಂಕ) ಮೊದಲೇ ಗಳಿಸಿರಬೇಕು, ಸುಮ್ನೆ ಹೋಗುವಂತಿಲ್ಲ. ಚಾಂಪಿಯನ್‌ಶಿಪ್‌ನಲ್ಲಿ ಶಾರ್ಟ್ ಪ್ರೋಗ್ರಾಂ, ಅಂದರೆ ಮೊದಲಿನ ಚಿಕ್ಕ ಸುತ್ತು, ಮುಗಿದ ಮೇಲೆ ಮೊದಲ 24 ಮಂದಿ ಮಾತ್ರ ಫ್ರೀ ಸ್ಕೇಟ್‌ಗೆ, ಅಂದರೆ ಎರಡನೆಯ ಉದ್ದದ ಸುತ್ತಿಗೆ. ಎರಡರ ಅಂಕ ಕೂಡಿಸಿ ಪದಕ.